ಹೆಸರಿಗೆಂದು ಬಿಟ್ಟ ಜಾಗ

ತಾತನ ಕಬ್ಬಿಣದ ಟ್ರಂಕಿನಲ್ಲಿ ಒಂದು ದಪ್ಪ ಕಾಗದ ಇತ್ತು. ನಾಲ್ಕು ಮಡಿಕೆ. ಬಿಚ್ಚಿದರೆ ಮೂರು ಕಂಬಗಳ ಚಿತ್ರ. ಕಂಬಗಳ ನಡುವಿನ ಎರಡು ಜಾಗದಲ್ಲಿ, ಒಂದರಲ್ಲಿ ಇಂಗ್ಲಿಷ್, ಇನ್ನೊಂದರಲ್ಲಿ ಲ್ಯಾಟಿನ್. ಅದರ ನಡುವೆ ಕೈಬರಹದಲ್ಲಿ ತಾತನ ಹೆಸರು. ಅವರು ರೈಲ್ವೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದವರು. 1948ರಲ್ಲಿ ಬೆಂಗಳೂರು ದಂಡಿನ ಒಂದು ಫ್ರೀಮೇಸನ್ ಲಾಡ್ಜಿಗೆ ಸೇರಿದ್ದರು. ಫ್ರೀಮೇಸನ್ನರು ಎಂದರೆ ಎಲ್ಲರೂ ಅಣ್ಣತಮ್ಮಂದಿರು ಅನ್ನುವ ಒಂದು ಸಂಘದವರು, ಲಾಡ್ಜ್ ಎಂದರೆ ಆ ಸಂಘದ ಶಾಖೆ. ಇದು ಆ ಸದಸ್ಯತ್ವದ ಪತ್ರ. ತಿಂಗಳಿಗೊಮ್ಮೆ ಸಂಜೆ ಕಪ್ಪು ಕೋಟು ಹಾಕಿಕೊಂಡು ಹೊರಡುತ್ತಿದ್ದರಂತೆ. ಯಾರಾದರೂ ಮನೆಗೆ ಬಂದು ಕೇಳಿದರೆ ಅಜ್ಜಿ "ಲಾಡ್ಜಿಗೆ ಹೋಗಿದ್ದಾರೆ" ಅನ್ನುತ್ತಿದ್ದರು. ಕೇಳಿದವರಿಗೆ ಗಾಬರಿಯಾಗುತ್ತಿತ್ತು ಎಂದು ಅಪ್ಪ ಹೇಳುತ್ತಿದ್ದರು.

ಆ ಕಾಗದದಿಂದಲೇ ಇಂಥ ಪತ್ರಗಳ ಮೇಲೆ ನನಗೆ ಆಸೆ ಹುಟ್ಟಿತು. ಇಪ್ಪತ್ತು ವರ್ಷದಿಂದ ಎಲ್ಲಿ ಚಿತ್ರ ಸಿಕ್ಕರೂ ಕೂಡಿಟ್ಟುಕೊಂಡಿದ್ದೇನೆ. ಹಾಗೆ ಹುಡುಕುವಾಗ ಗೊತ್ತಾಯಿತು, ಫ್ರಾನ್ಸಿನ ಬೋರ್ಡೋ ಊರಿನ ಫ್ರೀಮೇಸನ್ನರ ಪತ್ರಕ್ಕೆ ನಮೂನೆ ಬರೆದುಕೊಟ್ಟವನು ಫ್ರಾನ್ಸ್ವಾ ಬೂಶೆ ಅಂತ. ಫ್ರಾನ್ಸಿನ ರಾಜ ಹದಿನೈದನೇ ಲೂಯಿಯ ಆಸ್ಥಾನದ ಚಿತ್ರಗಾರ ಬೂಶೆ. ರೊಕೊಕೊ ಎಂಬ ಬಾಗುಬಳುಕಿನ ಶೈಲಿ ಎಂದರೆ ಮೊದಲು ನೆನಪಾಗುವ ಹೆಸರು. ಅದನ್ನು ತಾಮ್ರದ ಹಲಗೆಗೆ ಇಳಿಸಿದವನು ಪಿಯೆರ್ ಫಿಲಿಪ್ ಶೊಫಾರ್. ಒಂದು ಸಲ ಕಣ್ಣಾರೆ ನೋಡಬೇಕು ಅನ್ನಿಸಿತು. ಮಗಳು ಪ್ಯಾರಿಸ್ಸಿನಲ್ಲಿ ಓದುತ್ತಿದ್ದಾಳೆ. ಹೊರಟೆ.

ಮೊದಲ ದಿನ: ಕಾದೆ ಬೀದಿ

ವಿಮಾನದ ಆಯಾಸ ಇತ್ತು, ಆದರೂ ಮಧ್ಯಾಹ್ನವೇ ಹೊರಟೆವು. ಮೆಟ್ರೋ ಏಳನೇ ಮಾರ್ಗದಲ್ಲಿ ಕಾದೆ ನಿಲ್ದಾಣ. ಇಳಿದು ಎರಡು ಹೆಜ್ಜೆ ನಡೆದರೆ ಹಣ್ಣಿನ ಅಂಗಡಿ, ಚೀಸ್ ಅಂಗಡಿ, ನಡುವೆ 16ನೇ ನಂಬರಿನ ಕಟ್ಟಡ. ಅದು ಫ್ರಾನ್ಸಿನ ದೊಡ್ಡ ಮೇಸನ್ ಸಂಸ್ಥೆ ಗ್ರಾಂಡ್ ಓರಿಯಂಟಿನ ಮನೆ. ಅದರೊಳಗೇ ಫ್ರೀಮೇಸನ್ ಸಂಗ್ರಹಾಲಯ. ಗುಟ್ಟಿನ ಸಂಘ ಎಂದು ಹೆಸರಾದವರ ಜಾಗಕ್ಕೆ ಟಿಕೆಟ್ ಕೊಟ್ಟು ಒಳಗೆ ಹೋಗಬಹುದು.

ಲಂಡನ್ನಿನಲ್ಲಿ 1723ರಲ್ಲಿ ಅಚ್ಚಾದ ಮೇಸನ್ನರ ನಿಯಮಗಳ ಮೊದಲ ಮುದ್ರಣ ಇಲ್ಲಿದೆ. ಫ್ರೆಂಚ್ ಲೇಖಕ ವೋಲ್ಟೇರ್ 1778ರ ಏಪ್ರಿಲ್ 7ರಂದು, ಸಾಯುವುದಕ್ಕೆ ಎರಡು ತಿಂಗಳೂ ಇಲ್ಲದಾಗ, ಪ್ಯಾರಿಸ್ಸಿನ ಒಂದು ಲಾಡ್ಜಿಗೆ ಸೇರಿದ್ದ. ಆವತ್ತು ಅವನಿಗೆ ಸೊಂಟಕ್ಕೆ ಕಟ್ಟಿದ ಮೇಸನ್ನರ ಏಪ್ರನ್ ಕೂಡ ಇಲ್ಲಿದೆ. ಎರಡನೇ ಮಹಾಯುದ್ಧದಲ್ಲಿ ನಾಜಿಗಳು ಇಲ್ಲಿನ ಸಂಗ್ರಹವನ್ನು ದೋಚಿಕೊಂಡು ಹೋಗಿದ್ದರು. ಉಳಿದದ್ದು, ಆಮೇಲೆ ಸೇರಿಸಿದ್ದು ಈಗ ಕಾಣುತ್ತಿರುವುದು.

ನಾನು ಜಾಸ್ತಿ ಹೊತ್ತು ನಿಂತದ್ದು ಪತ್ರಗಳ ಮುಂದೆ. ಕೆಲವು ಚರ್ಮದ ಹಾಳೆಯ ಮೇಲೆ ಇವೆ, ಕೆಲವು ಕಾಗದದ ಮೇಲೆ. ಮೊಹರು ತೂಗುವ ನೀಲಿ, ಕೆಂಪು ರಿಬ್ಬನ್ ಮಾಸಿ ಒಂದೇ ಬಣ್ಣವಾಗಿದೆ. ಮೂಲೆಮಟ್ಟ, ಕೈವಾರ, ತೂಗುಗುಂಡು, ಕರಣೆ: ಎಲ್ಲ ಗಾರೆ ಕೆಲಸದವರ ಸಾಮಾನು. ನಮ್ಮ ಮೇಸ್ತ್ರಿಗಳ ಚೀಲದಲ್ಲಿ ಇವತ್ತಿಗೂ ಇರುವಂಥವು. ಕಲ್ಲುಕುಟಿಗರು ಕಟ್ಟಡದ ಪಕ್ಕ ಹಾಕಿಕೊಳ್ಳುತ್ತಿದ್ದ ಗುಡಿಸಲಿಗೆ ಲಾಡ್ಜ್ ಅನ್ನುತ್ತಿದ್ದರು. ಆ ಹೆಸರು, ಆ ಸಾಮಾನು ಎರಡನ್ನೂ ಈ ಸಂಘ ಎತ್ತಿಕೊಂಡಿತು.

"ಅಪ್ಪ, ಈ ಅಂಚಿನಲ್ಲಿ ಯಾಕೆ ಅಡ್ಡಡ್ಡ ಸಹಿ ಮಾಡಿದ್ದಾರೆ?" ಮಗಳು ಕೇಳಿದಳು.

ಒಳ್ಳೆಯ ಪ್ರಶ್ನೆ. ಆಗ ಫೋಟೋ ಇರಲಿಲ್ಲ. ಯಾರೋ ಒಬ್ಬನ ಪತ್ರ ಕದ್ದು ಇನ್ನೊಬ್ಬ ದೂರದ ಊರಿಗೆ ಹೋಗಿ "ನಾನೇ ಆತ" ಅಂದರೆ? ಅದಕ್ಕೇ ಪತ್ರ ಪಡೆದವನು ಅದರ ಅಂಚಿನಲ್ಲಿ ತನ್ನ ಕೈಯಾರೆ ಸಹಿ ಹಾಕಬೇಕಿತ್ತು. ಅದರ ಪಕ್ಕ ಲ್ಯಾಟಿನ್ನಿನಲ್ಲಿ 'ನೆ ವಾರಿಯೆಟುರ್' ಎಂದಿರುತ್ತದೆ, 'ಬದಲಾಗದಿರಲಿ' ಎಂದರ್ಥ. ಹೊಸ ಊರಿನ ಲಾಡ್ಜಿನಲ್ಲಿ ಬಾಗಿಲ ಬಳಿ ಇನ್ನೊಮ್ಮೆ ಸಹಿ ಮಾಡಿಸಿಕೊಂಡು ಎರಡನ್ನೂ ಹೋಲಿಸಿ ನೋಡುತ್ತಿದ್ದರು.

"ತಾತಂದೂ ಹಾಗೇ ಇದ್ಯಾ?"

ಇರಬೇಕು. ಆದರೆ ಅಂಚಿನ ಸಹಿ ಹೇಗಿತ್ತು ಅಂತ ನನಗೆ ನೆನಪಾಗಲಿಲ್ಲ. ಅಷ್ಟು ಸಲ ಬಿಚ್ಚಿ ನೋಡಿದ್ದೇನೆ, ಕಂಬ ನೋಡಿದ್ದೇನೆ, ನಡುವಿನ ಹೆಸರು ನೋಡಿದ್ದೇನೆ, ಅಂಚು ನೋಡಿಲ್ಲ. ಟ್ರಂಕು ಈಗ ಮೈಸೂರಿನಲ್ಲಿ ತಂಗಿಯ ಮನೆಯಲ್ಲಿದೆ. ರಾತ್ರಿ ಅವಳಿಗೆ ಮೆಸೇಜ್ ಹಾಕಿದೆ, ಬಿಡುವಾದಾಗ ಒಂದು ಫೋಟೋ ತೆಗೆದು ಕಳಿಸು ಅಂತ.

ಎರಡನೇ ದಿನ: ರಿಶಲ್ಯೂ ಬೀದಿ

ಈ ಪ್ರವಾಸದ ಜೀವ ಇರುವುದು ಈ ದಿನದಲ್ಲಿ. ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಹಳೆಯ ಕಟ್ಟಡ ರಿಶಲ್ಯೂ ಬೀದಿಯಲ್ಲಿದೆ. ವರ್ಷಗಟ್ಟಲೆ ದುರಸ್ತಿ ನಡೆದು 2022ರಲ್ಲಿ ಪೂರ್ತಿ ತೆರೆಯಿತು. ದೊಡ್ಡ ಅಂಡಾಕಾರದ ಓದುವ ಕೋಣೆಗೆ ಯಾರು ಬೇಕಾದರೂ ಸುಮ್ನೆ ಹೋಗಿ ಕೂರಬಹುದು. ಅಚ್ಚಿನ ಚಿತ್ರಗಳ ವಿಭಾಗಕ್ಕೆ ಮಾತ್ರ ಮೊದಲೇ ಬರೆದು ಕೇಳಿಕೊಳ್ಳಬೇಕು, ಓದುಗರ ಕಾರ್ಡ್ ಮಾಡಿಸಬೇಕು. ಪೆನ್ನು ಒಳಗೆ ಬಿಡುವುದಿಲ್ಲ, ಪೆನ್ಸಿಲ್ ಮಾತ್ರ.

ಗ್ರಂಥಪಾಲಕಿ ಶೊಫಾರನ ಕೆಲಸ ಇರುವ ದೊಡ್ಡ ಸಂಪುಟ ತಂದು ಮೇಜಿನ ಮೇಲೆ ಇಟ್ಟರು. ಮೊದಮೊದಲು ಪುಸ್ತಕಗಳಿಗೆ ಮಾಡಿದ ಅಲಂಕಾರಗಳು. ಶೊಫಾರ್ 1730ರ ಸುಮಾರಿಗೆ ಹುಟ್ಟಿದವನು, 1809ರಲ್ಲಿ ತೀರಿಕೊಂಡ. ಅಧ್ಯಾಯ ಮುಗಿದ ಮೇಲೆ ಪುಟದ ಕೆಳಗೆ ಉಳಿಯುತ್ತದಲ್ಲ ಖಾಲಿ, ಅಲ್ಲಿ ಹಾಕುವ ಪುಟ್ಟ ಚಿತ್ರಗಳಿಗೆ ಅವನು ಹೆಸರುವಾಸಿ. ಫ್ರೆಂಚ್ ಕವಿ ಲಾ ಫಾಂಟೇನನ ಕಥೆಗಳ 1762ರ ಮುದ್ರಣದಲ್ಲಿ ಅವನು ಮಾಡಿದ ಹೂಗೊಂಚಲು, ಹಾರಗಳನ್ನು ನೋಡಿದರೆ ಬೆರಳಲ್ಲಿ ಎತ್ತಿಕೊಳ್ಳಬಹುದು ಅನ್ನಿಸುತ್ತದೆ.

ಹಾಳೆ ತಿರುವುತ್ತಾ ಬಂದಾಗ ಬೋರ್ಡೋದ ಪತ್ರ ಸಿಕ್ಕಿತು.

ನನ್ನ ಕಣ್ಣು ಮೊದಲು ಹೋದದ್ದು ಅಲಂಕಾರಕ್ಕಲ್ಲ, ನಡುವಿನ ಖಾಲಿ ಜಾಗಕ್ಕೆ. ಮಾತು ಬರೆಯಲು, ಹೆಸರು ತುಂಬಲು ಬಿಟ್ಟ ಜಾಗ. ಬೂಶೆಯ ಬೇರೆ ಚಿತ್ರಗಳಲ್ಲಿ ನಡುವೆ ದೇವತೆ ಇರುತ್ತಾಳೆ, ಇಲ್ಲವೇ ಮೋಡದ ಮೇಲೆ ಒರಗಿದ ಸುಂದರಿ. ಕಣ್ಣು ಅಲ್ಲಿಗೇ ಹೋಗಿ ನಿಲ್ಲುತ್ತದೆ. ಇಲ್ಲಿ ಆ ಜಾಗವನ್ನು ಅವನು ಬಿಟ್ಟುಕೊಟ್ಟಿದ್ದಾನೆ. ಯಾರಿಗೆ? ತಾನು ಎಂದೂ ನೋಡದ ಯಾವನೋ ವ್ಯಾಪಾರಿಗೆ, ಹಡಗಿನ ಕಪ್ತಾನನಿಗೆ.

ಭೂತಗನ್ನಡಿ ಹಿಡಿದು ಹತ್ತಿರ ಬಾಗಿದೆ. ಹಾಳೆಯ ಸುತ್ತ ಒಂದು ಸಣ್ಣ ತಗ್ಗು ಇದೆ. ತಾಮ್ರದ ಹಲಗೆಯನ್ನು ಒದ್ದೆ ಕಾಗದದ ಮೇಲೆ ಯಂತ್ರದಲ್ಲಿ ಒತ್ತಿದಾಗ ಅದರ ಅಂಚು ಊರಿಕೊಂಡ ಗುರುತು. ಇನ್ನೂರೈವತ್ತು ವರ್ಷ ಆದರೂ ಅಳಿಸಿಲ್ಲ. ನೆರಳು ಇರುವ ಕಡೆ ಗೆರೆಯ ಮೇಲೆ ಗೆರೆ ಅಡ್ಡ ಹಾಯ್ದು ಸಣ್ಣ ಬಲೆಯಂತೆ ಆಗಿದೆ. ಬೆಳಕಿನ ಕಡೆ ಬಂದಂತೆ ಬಲೆ ಬಿಚ್ಚಿಕೊಂಡು ಬರೀ ಗೆರೆ. ಇನ್ನೂ ಬೆಳಕಿಗೆ ಬಂದರೆ ಗೆರೆ ತುಂಡಾಗಿ ಚುಕ್ಕಿ. ಆಮೇಲೆ ಬರೀ ಕಾಗದ. ಬಿಳಿ ಬಣ್ಣ ಎಲ್ಲೂ ಬಳಿದಿಲ್ಲ, ಕಾಗದವೇ ಬೆಳಕು.

ಇದನ್ನು ಮಾಡುವ ಬಗೆ ಹೀಗೆ. ತಾಮ್ರದ ಹಲಗೆಗೆ ತೆಳ್ಳಗೆ ಮೇಣದ ಲೇಪ ಕೊಡುತ್ತಾರೆ. ಸೂಜಿಯಿಂದ ಮೇಣ ಕೆರೆದು ಚಿತ್ರ ಬಿಡಿಸುತ್ತಾರೆ. ಆಮ್ಲ ಸುರಿದರೆ ಕೆರೆದ ಕಡೆ ಮಾತ್ರ ತಾಮ್ರವನ್ನು ತಿನ್ನುತ್ತದೆ. ಆಮೇಲೆ ಚೂಪು ಉಳಿಯಿಂದ ಬೇಕಾದ ಗೆರೆ ಆಳ ಮಾಡುತ್ತಾರೆ. ಮಸಿ ತುಂಬಿ, ಮೇಲಿನದನ್ನು ಒರೆಸಿ, ಕಾಗದ ಒತ್ತುತ್ತಾರೆ. ಒತ್ತಿದಾಗ ಎಡ ಬಲ ಅದಲುಬದಲಾಗುತ್ತದೆ. ಅಂದರೆ ಅಚ್ಚಿನಲ್ಲಿ ಒಬ್ಬನು ಬಲಗೈಯಲ್ಲಿ ಕೈವಾರ ಹಿಡಿದಿರಬೇಕಾದರೆ ಹಲಗೆಯ ಮೇಲೆ ಅವನು ಎಡಗೈಯವನಾಗಿರಬೇಕು. ಅಕ್ಷರಗಳನ್ನಂತೂ ಒಂದೊಂದಾಗಿ ತಿರುಗಾಮುರುಗಾ ಕೆತ್ತಬೇಕು. ಮೇಸನ್ನರ ಸಾಮಾನುಗಳಲ್ಲಿ ಯಾವುದು ಎಡ, ಯಾವುದು ಬಲ ಅನ್ನುವುದಕ್ಕೂ ಅರ್ಥ ಇದೆ. ಎಷ್ಟು ಎಚ್ಚರ ಬೇಕಿತ್ತು ಅಲ್ವಾ.

ಈ ಕಾಲದ ಅಚ್ಚುಗಳಲ್ಲಿ ಚಿತ್ರದ ಕೆಳಗೆ ಎಡಕ್ಕೆ ನಮೂನೆ ಬರೆದವನ ಹೆಸರು, ಬಲಕ್ಕೆ ಕೆತ್ತಿದವನ ಹೆಸರು ಹಾಕುವ ಪದ್ಧತಿ. ಸಾಸಿವೆಯಷ್ಟು ಸಣ್ಣ ಅಕ್ಷರ. ಚಿತ್ರಗಾರ ತನ್ನ ಹೆಸರಿಗೆ ಇಟ್ಟುಕೊಂಡದ್ದು ಅಷ್ಟೇ ಜಾಗ. ನಡುವಿನ ದೊಡ್ಡ ಜಾಗ ಸದಸ್ಯನದು.

ಊಟಕ್ಕೂ ಏಳದೆ ಅಲ್ಲೇ ಕೂತಿದ್ದೆ. ಐದು ಗಂಟೆ ಹತ್ತಿರವಾದಾಗ ಗ್ರಂಥಪಾಲಕಿ ಬಂದು ಮೆಲ್ಲಗೆ ಭುಜ ಮುಟ್ಟಿದರು.

ಮೂರನೇ ದಿನ: ಲೂವ್ರ್

ಲೂವ್ರ್ ಸಂಗ್ರಹಾಲಯ ದೊಡ್ಡದು, ಜನ ಜಾತ್ರೆ. ನಾವು ನೇರ ಹದಿನೆಂಟನೇ ಶತಮಾನದ ಫ್ರೆಂಚ್ ಚಿತ್ರಗಳ ಕೋಣೆಗಳಿಗೆ ಹೋದೆವು. ಅಲ್ಲಿ ಬೂಶೆಯ 1739ರ ಚಿತ್ರ ಒಂದಿದೆ: ಒಂದು ಮನೆಯವರು ಬೆಳಗಿನ ತಿಂಡಿಗೆ ಕೂತಿದ್ದಾರೆ. ಸಣ್ಣ ಚಿತ್ರ. ಪುಟ್ಟ ಹುಡುಗಿಗೆ ಚಮಚದಲ್ಲಿ ತಿನ್ನಿಸುತ್ತಿದ್ದಾರೆ. ಗೋಡೆಯ ಮೇಲೆ ಚಿನ್ನದ ಬಾಗುಬಳುಕಿನ ಗಡಿಯಾರ. ಆ ಗಡಿಯಾರದ ಚೌಕಟ್ಟಿನಲ್ಲಿ ಒಂದೂ ನೇರ ಗೆರೆ ಇಲ್ಲ. ರೊಕೊಕೊ ಎಂದರೆ ಇದೇ. ಚಿಪ್ಪು, ಬಂಡೆ, ನೀರಿನ ಅಲೆ ನೋಡಿ ಕಲಿತ ಬಾಗು.

ಬೂಶೆ 1703ರಲ್ಲಿ ಪ್ಯಾರಿಸ್ಸಿನಲ್ಲೇ ಹುಟ್ಟಿದ. ಅಪ್ಪ ಕಸೂತಿಗೆ ನಮೂನೆ ಬರೆಯುತ್ತಿದ್ದವನು. ಹುಡುಗನಾಗಿದ್ದಾಗ ಕಾರ್ಸ್ ಎಂಬ ಅಚ್ಚಿನ ಚಿತ್ರದ ವ್ಯಾಪಾರಿ ಬಳಿ ಕೆಲಸಕ್ಕಿದ್ದ. ಊಟ, ವಸತಿ, ಜೊತೆಗೆ ತಿಂಗಳಿಗೆ 60 ಲೀವ್ರ್ (ಆಗಿನ ಫ್ರೆಂಚ್ ಹಣ) ಸಂಬಳ. ಆ ಅಂಗಡಿಯ ಮುಖ್ಯ ವ್ಯಾಪಾರ ಏನು ಗೊತ್ತಾ? ವಿಶ್ವವಿದ್ಯಾಲಯದ ಹುಡುಗರು ಪ್ರಬಂಧ ಮಂಡಿಸುವಾಗ ಹಂಚುವ ದೊಡ್ಡ ಅಲಂಕಾರದ ಹಾಳೆಗಳು. ಸುತ್ತ ಚಿತ್ರ, ನಡುವೆ ಬರಹಕ್ಕೆ ಜಾಗ. ಮುಂದೆ ವಾಟೋ ಎಂಬ ಹಿರಿಯ ಕಲಾವಿದನ ರೇಖಾಚಿತ್ರಗಳನ್ನು ತಾಮ್ರಕ್ಕೆ ಇಳಿಸುವ ಕೆಲಸ ಸಿಕ್ಕಿತು, ದಿನಕ್ಕೆ 24 ಲೀವ್ರ್. ನೂರಕ್ಕಿಂತ ಜಾಸ್ತಿ ಹಲಗೆ ಮಾಡಿದ. ಆಮೇಲೆ ರೋಮ್, ಅಕಾಡೆಮಿ, ಅರಮನೆ. 1765ರಲ್ಲಿ ರಾಜನ ಮೊದಲ ಚಿತ್ರಗಾರ ಎಂಬ ಪದವಿ.

ಬೋರ್ಡೋದ ಪತ್ರವೂ ಆ 1760ರ ದಶಕದ್ದೇ. ಏರುವುದಕ್ಕೆ ಇನ್ನು ಮೆಟ್ಟಿಲೇ ಇಲ್ಲದ ಮನುಷ್ಯ, ಅರವತ್ತು ದಾಟಿದವನು. ದಿದೆರೋನಂಥ ವಿಮರ್ಶಕ ಅವನನ್ನು ಅಷ್ಟು ಹೊತ್ತಿಗೆ ಚೆನ್ನಾಗಿ ಬೈದಾಗಿತ್ತು, ಸತ್ಯ ಬಿಟ್ಟು ಎಲ್ಲ ಇದೆ ಇವನ ಹತ್ತಿರ ಅಂತ. ಅಂಥವನು ಮತ್ತೆ ಹುಡುಗನಾಗಿದ್ದಾಗಿನ ಕೆಲಸಕ್ಕೆ ಕೈ ಹಾಕಿದ್ದಾನೆ: ನಡುವೆ ಬರಹಕ್ಕೆ ಜಾಗ ಬಿಟ್ಟು ಸುತ್ತ ಚಿತ್ರ. ಬೂಶೆಯನ್ನು ಹಗುರ ಕಲಾವಿದ ಅನ್ನುವವರ ಜೊತೆ ನನಗೆ ಒಪ್ಪಿಗೆ ಇಲ್ಲ. ತಾನು ಹತ್ತು ಸಾವಿರ ರೇಖಾಚಿತ್ರ ಬರೆದಿದ್ದೇನೆ ಎಂದು ಅವನೇ ಹೇಳಿಕೊಳ್ಳುತ್ತಿದ್ದನಂತೆ. ಬಟ್ಟೆ, ಪಿಂಗಾಣಿ, ನಾಟಕದ ಪರದೆ, ಸದಸ್ಯತ್ವದ ಪತ್ರ, ಯಾವುದನ್ನೂ ಕೀಳು ಅನ್ನದೆ ಬರೆದ. ಅದು ದೊಡ್ಡತನ.

1752ರಿಂದ ಅವನ ಮನೆ ಇದೇ ಲೂವ್ರ್ ಅರಮನೆಯಲ್ಲಿತ್ತು. 1770ರ ಮೇ 30ರಂದು ತೀರಿಕೊಂಡದ್ದೂ ಇಲ್ಲೇ. ಅಂಗಳದಲ್ಲಿ ಕೂತು ಮನೆಯಿಂದ ತಂದಿದ್ದ ಚಪಾತಿ ತಿಂದೆವು.

ನಾಲ್ಕನೇ ದಿನ: ಬೋರ್ಡೋ

ಮೊಂಪರ್ನಾಸ್ ನಿಲ್ದಾಣದಿಂದ ವೇಗದ ರೈಲು. ಎರಡು ಗಂಟೆ ಚಿಲ್ಲರೆಯಲ್ಲಿ ಬೋರ್ಡೋ ಸೇಂಟ್ ಜಾನ್. ಟ್ರಾಮ್ ಹಿಡಿದು ನೇರ ಬೂರ್ಸ್ ಚೌಕಕ್ಕೆ ಹೋದೆವು.

ಗರೋನ್ ನದಿ ಕಂದು ಬಣ್ಣದ್ದು, ಅಗಲ. ಹಾಗೇ ಬಾಗಿ ಹರಿಯುತ್ತದೆ. ಆ ಬಾಗಿಗೆ ಎದುರಾಗಿ ಅರ್ಧ ಚಂದ್ರನ ಹಾಗೆ ಕಲ್ಲಿನ ಕಟ್ಟಡಗಳು. ಗಾಬ್ರಿಯೆಲ್ ಮನೆತನದ ವಾಸ್ತುಶಿಲ್ಪಿಗಳು, ಅಪ್ಪ ಮಗ ಇಬ್ಬರು, 1730ರಿಂದ 1755ರವರೆಗೆ ಕಟ್ಟಿದ ಚೌಕ ಇದು. ನಡುವೆ ರಾಜನ ಪ್ರತಿಮೆ ಇತ್ತು, ಕ್ರಾಂತಿಯಲ್ಲಿ ಹೋಯಿತು. ಈಗ ಮೂರು ಹೆಂಗಸರ ಕಾರಂಜಿ. ಮುಂದೆ 2006ರಲ್ಲಿ ಮಾಡಿದ ನೀರಿನ ಕನ್ನಡಿ. ಕಪ್ಪು ಕಲ್ಲಿನ ಮೇಲೆ ಬೆರಳ ಎತ್ತರದಷ್ಟೂ ಇಲ್ಲದ ನೀರು, ಅದರಲ್ಲಿ ಇಡೀ ಚೌಕ ತಲೆಕೆಳಗಾಗಿ ಕಾಣುತ್ತದೆ. ಮಕ್ಕಳು ಬರಿಗಾಲಲ್ಲಿ ಓಡಾಡುತ್ತಿದ್ದರು. ಬಾಗಿಲು, ಕಿಟಕಿ ಕಮಾನುಗಳ ಮೇಲೆಲ್ಲ ಕಲ್ಲಿನ ಮುಖಗಳು: ನಗುವವು, ಹಲ್ಲು ಕಿರಿಯುವವು, ದ್ರಾಕ್ಷಿ ಮುಡಿದವು.

ಈ ಚೌಕ ಕಟ್ಟಿಸಲು ಓಡಾಡಿದ ಅಧಿಕಾರಿಯ ಹೆಸರೂ ಬೂಶೆ. ಕ್ಲೋದ್ ಬೂಶೆ, ಈ ಪ್ರಾಂತ್ಯದ ಆಡಳಿತಗಾರ. ಚಿತ್ರಗಾರನಿಗೂ ಇವನಿಗೂ ಸಂಬಂಧ ಇಲ್ಲ. ಆದರೆ 1737ರಲ್ಲಿ ಬೋರ್ಡೋದ ಮೇಸನ್ನರ ಮೇಲೆ, ಅವರ ನಡುವೆ ಇದ್ದ ಚಿಂತಕ ಮಾಂಟೆಸ್ಕ್ಯೂ ಮೇಲೆ ಮಂತ್ರಿ ಕಾರ್ಡಿನಲ್ ಫ್ಲೂರಿಗೆ ದೂರು ಕೊಟ್ಟವನು ಇವನೇ. ಮಾಂಟೆಸ್ಕ್ಯೂ ಈ ಕಡೆಯವನೇ, 1730ರಲ್ಲಿ ಲಂಡನ್ನಿನಲ್ಲಿ ಸಂಘಕ್ಕೆ ಸೇರಿದ್ದ. ಮುಂದಿನ ವರ್ಷ ಪೋಪ್ ಕೂಡ ಮೇಸನ್ನರನ್ನು ಬಹಿಷ್ಕರಿಸಿದರು. ಒಬ್ಬ ಬೂಶೆ ದೂರು ಬರೆದ ಊರಿನ ಅದೇ ಸಂಘಕ್ಕೆ ಮೂವತ್ತು ವರ್ಷದೊಳಗೆ ಇನ್ನೊಬ್ಬ ಬೂಶೆ, ಅದೂ ರಾಜನ ಚಿತ್ರಗಾರ, ಪತ್ರ ಬರೆದುಕೊಟ್ಟ. ಕಾಲ ಅಷ್ಟು ಬದಲಾಗಿತ್ತು.

ಐದನೇ ದಿನ: ಶಾರ್ಟ್ರೋನ್, ಮತ್ತೆ ದಂಡೆ

ಬೆಳಗ್ಗೆ ಶಾರ್ಟ್ರೋನ್ ಕೇರಿ. ನದಿ ದಂಡೆಯ ಉದ್ದಕ್ಕೂ ಹಳೆಯ ವೈನ್ ವ್ಯಾಪಾರಿಗಳ ಮನೆಗಳು. ಮುಂಭಾಗ ಕಿರಿದು, ಒಳಗೆ ಉದ್ದ, ಕೆಳಗೆ ಪೀಪಾಯಿ ಇಡುವ ನೆಲಮನೆ. ಐರ್ಲೆಂಡಿನಿಂದ, ಇಂಗ್ಲೆಂಡಿನಿಂದ, ಜರ್ಮನಿಯಿಂದ ಬಂದವರು ಇಲ್ಲಿ ನೆಲೆ ನಿಂತರು. ಬಾರ್ಟನ್, ಲಿಂಚ್ ಎಂಬ ಐರಿಶ್ ಹೆಸರುಗಳು ಇವತ್ತಿಗೂ ಬೋರ್ಡೋ ವೈನ್ ಬಾಟಲಿಯ ಮೇಲಿವೆ. ಹೀಗೆ ಬಂದವರೇ 1732ರಲ್ಲಿ ಈ ಊರಿನ ಮೊದಲ ಲಾಡ್ಜ್ ಶುರು ಮಾಡಿದ್ದು. ಅದರ ಹೆಸರೇ 'ಇಂಗ್ಲಿಷ್ ಲಾಡ್ಜ್'. 1740ರಲ್ಲಿ ಅದರ ಮಗ್ಗುಲಿಗೆ 'ಫ್ರೆಂಚ್ ಲಾಡ್ಜ್' ಬಂತು.

ಇಲ್ಲಿ ನಿಂತಾಗ ಆ ಪತ್ರ ಯಾತಕ್ಕೆ ಬೇಕಿತ್ತು ಅನ್ನುವುದು ಸರಿಯಾಗಿ ಅರ್ಥವಾಯಿತು. ಇದು ಬಂದರು. ಮನುಷ್ಯ ಹಡಗು ಹತ್ತಿದರೆ ತಿಂಗಳುಗಟ್ಟಲೆ ಸುದ್ದಿ ಇಲ್ಲ. ಗುರುತಿಲ್ಲದ ದಡದಲ್ಲಿ ಇಳಿದಾಗ ಜೇಬಿನಲ್ಲಿ ಒಂದು ಕಾಗದ ಇದ್ದರೆ ಯಾರದೋ ಮನೆಯ ಬಾಗಿಲು ತೆರೆಯುತ್ತದೆ, ಊಟ ಸಿಗುತ್ತದೆ, ಸಾಲ ಸಿಗುತ್ತದೆ. ಬೋರ್ಡೋದ ಲಾಡ್ಜುಗಳಲ್ಲಿ ಓಡಾಡಿದ ಎತಿಯೆನ್ ಮೊರಾಂ ಎಂಬ ವ್ಯಾಪಾರಿ 1761ರಲ್ಲಿ ಅಧಿಕಾರ ಪತ್ರ ಪಡೆದು ಅಮೆರಿಕದ ಕಡೆ ಹೊರಟ. ದಾರಿಯಲ್ಲಿ ಅವನ ಹಡಗನ್ನು ಇಂಗ್ಲಿಷರು ಹಿಡಿದರು. ಆದರೂ 1763ರ ಹೊತ್ತಿಗೆ ಕೆರಿಬಿಯನ್ನಿನ ಸೇಂಟ್ ಡೊಮಿಂಗ್ ಸೇರಿ ಲಾಡ್ಜ್ ಕಟ್ಟುವ ಕೆಲಸ ಶುರು ಮಾಡಿದ.

ಸೇಂಟ್ ಡೊಮಿಂಗ್. ಇವತ್ತಿನ ಹೈಟಿ. ಮಧ್ಯಾಹ್ನ ಅಕಿಟೇನ್ ಸಂಗ್ರಹಾಲಯಕ್ಕೆ ಹೋದಾಗ ಆ ಹೆಸರು ಮತ್ತೆ ಮತ್ತೆ ಎದುರಾಯಿತು. ಊರಿನ ಹಣ ಎಲ್ಲಿಂದ ಬಂತು ಅನ್ನುವುದನ್ನು ಆ ಕೋಣೆಗಳಲ್ಲಿ ಮುಚ್ಚಿಟ್ಟಿಲ್ಲ. ಸಕ್ಕರೆ, ಕಾಫಿ, ನೀಲಿ. ಅದನ್ನು ಬೆಳೆದ ಗುಲಾಮರು. ಬೋರ್ಡೋದಿಂದ ಹಡಗುಗಳು ಸುಮಾರು 500 ಸಲ ಆಫ್ರಿಕಾಕ್ಕೆ ಹೋಗಿ 1,20,000ದಿಂದ 1,50,000 ಜನರನ್ನು ಹೊತ್ತುಕೊಂಡು ಅಟ್ಲಾಂಟಿಕ್ ದಾಟಿದವು. ಹಡಗಿನ ಲೆಕ್ಕದ ಪಟ್ಟಿಯಲ್ಲಿ ಅವರು ಇಷ್ಟು ಗಂಡು, ಇಷ್ಟು ಹೆಣ್ಣು, ಇಷ್ಟು ಮಕ್ಕಳು. ಅಷ್ಟೇ.

ಹೊರಗೆ ಬಂದು ಮತ್ತೆ ನದಿ ದಂಡೆಗೆ ನಡೆದೆವು. ಅಲ್ಲಿ 2019ರಲ್ಲಿ ನಿಲ್ಲಿಸಿದ ಒಂದು ಕಂಚಿನ ಪ್ರತಿಮೆ ಇದೆ. ಒಬ್ಬ ಹೆಂಗಸು, ಕಳಚಿದ ಸರಪಳಿ ಪಕ್ಕದಲ್ಲಿ. ಹೈಟಿಯ ಶಿಲ್ಪಿ ವುಡ್ಲಿ ಕೇಮಿಟ್ ಮಾಡಿದ್ದು. ಅವಳು ಪೂರ್ವ ಆಫ್ರಿಕಾದಲ್ಲಿ ಹುಟ್ಟಿದವಳು, ಹೆಸರು ಅಲ್ ಪೂಯೆಸಿ. ಬೋರ್ಡೋದ ಟೆಸ್ಟಾಸ್ ಎಂಬ ಅಣ್ಣತಮ್ಮಂದಿರು ಕೊಂಡುಕೊಂಡರು. ಸೇಂಟ್ ಡೊಮಿಂಗಿಗೆ ಸಾಗಿಸಿದರು. ಹೆಸರು ಬದಲಾಯಿಸಿ ಮಾರ್ಥ್ ಅದೆಲೈಡ್ ಮೊಡೆಸ್ಟ್ ಟೆಸ್ಟಾಸ್ ಎಂದಿಟ್ಟರು. ಕೊನೆಗೆ ಬಿಡುಗಡೆ ಸಿಕ್ಕಿತು, 1870ರಲ್ಲಿ ತೀರಿಕೊಂಡಳು. ನೂರು ವರ್ಷ ದಾಟಿದ ಬಾಳು.

ಮೂರು ದಿನದ ಹಿಂದೆ ಬೂಶೆಯ ಪತ್ರದಲ್ಲಿ ನೋಡಿದ ಖಾಲಿ ಜಾಗ ಕಣ್ಣ ಮುಂದೆ ಬಂತು. ಎಲ್ಲರೂ ಅಣ್ಣತಮ್ಮಂದಿರು ಅನ್ನುವ ಸಂಘ, ಹೆಸರು ಬದಲಾಗದಿರಲಿ ಎಂದು ಲ್ಯಾಟಿನ್ನಿನಲ್ಲಿ ಬರೆಸಿಕೊಂಡ ಜನ. ಅದೇ ಬಂದರಿನಿಂದ, ಅದೇ ವರ್ಷಗಳಲ್ಲಿ ಹೊರಟ ಹಡಗುಗಳು ಇವು. ಪತ್ರ ಇಟ್ಟುಕೊಂಡವರಲ್ಲಿ ಹಡಗಿನ ಯಜಮಾನರೂ ಇದ್ದರು. ನನಗೆ ಆ ಚಿತ್ರದ ಮೇಲಿನ ಪ್ರೀತಿ ಕಡಿಮೆಯಾಗಲಿಲ್ಲ. ಆದರೆ ಇನ್ನು ಮುಂದೆ ಅದನ್ನು ನೋಡುವಾಗ ಈ ಹೆಂಗಸಿನ ಮುಖವೂ ನೆನಪಿಗೆ ಬರುತ್ತದೆ. ಬರಲೇಬೇಕು.

ಮಗಳು ಪ್ರತಿಮೆಯ ಹತ್ತಿರ ಹೋಗಿ ಅವಳ ಮೊದಲ ಹೆಸರನ್ನು ಎರಡು ಸಲ ಜೋರಾಗಿ ಓದಿದಳು.

ಆರನೇ ದಿನ: ವಾಪಸು

ಬೆಳಗ್ಗೆ ಮಳೆ. 1822ರಲ್ಲಿ ತೆರೆದ ಹದಿನೇಳು ಕಮಾನಿನ ಕಲ್ಲು ಸೇತುವೆಯನ್ನು ಒಂದು ಸಲ ಆಚೆ ಈಚೆ ದಾಟಿದೆವು. ಕೆನೆಲೆ ಎಂಬ ಸಿಹಿ ತಿಂದೆವು. ಹೊರಗೆ ಕರಿದ ಹಾಗೆ ಗಟ್ಟಿ, ಒಳಗೆ ಮೆತ್ತಗೆ. ಒಂದು ಡಬ್ಬಿ ಕಟ್ಟಿಸಿಕೊಂಡೆ.

ರೈಲು ಹೊರಟ ಮೇಲೆ ತಂಗಿಯ ಮೆಸೇಜ್ ಬಂತು. "ಟ್ರಂಕಿನ ಬೀಗ ತೆಗೆಯೋಕೆ ಮೂರು ದಿನ ಆಯ್ತು ಕಣಣ್ಣ, ತುಕ್ಕು ಹಿಡಿದಿತ್ತು. ನೋಡು." ಮೂರು ಫೋಟೋ. ಮೊದಲನೆಯದು ಇಡೀ ಪತ್ರ. ಎರಡನೆಯದರಲ್ಲಿ ನಡುವಿನ ಹೆಸರು, ಯಾವುದೋ ಗುಮಾಸ್ತರ ಚಂದದ ಇಂಗ್ಲಿಷ್ ಕೈಬರಹ. ಮೂರನೆಯದು ಎಡಗಡೆಯ ಅಂಚು.

ಮಗಳು ಬೆರಳಿಟ್ಟು ದೊಡ್ಡದು ಮಾಡಿದಳು. ತಾತ ಕನ್ನಡದಲ್ಲಿ ಸಹಿ ಮಾಡಿದ್ದಾರೆ. ಇಂಗ್ಲಿಷ್, ಲ್ಯಾಟಿನ್ ಎರಡೂ ಇರುವ ಹಾಳೆಯಲ್ಲಿ ಅದೊಂದೇ ಕನ್ನಡ. ಕೆಳಗಿನಿಂದ ಮೇಲಕ್ಕೆ, ಅಡ್ಡ ಹಿಡಿದು ಬರೆದದ್ದು. ಅಂಚಿನ ಜಾಗ ಸಾಕಾಗಿಲ್ಲ. ಕೊನೆಯ ಅಕ್ಷರದ ಒತ್ತು ಕೆಳಗಿಳಿದು ಮೊದಲನೇ ಕಂಬದ ಬುಡವನ್ನು ದಾಟಿದೆ.